ಪೆನ್ನು ಕೊಟ್ಟವನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ. 31 ವರ್ಷ ಮದ್ದು ಮಾರಿದವನು ನಾನು, ಖಾತ್ರಿಯಾಗಿ ಹೇಳುತ್ತೇನೆ: ಇಲ್ಲ. ಇದ್ದಿದ್ದರೆ ನಮ್ಮ ಏರಿಯಾ ಮ್ಯಾನೇಜರು ಅದಕ್ಕೂ ತಿಂಗಳಿಗಿಷ್ಟು ಅಂತ ಟಾರ್ಗೆಟ್ ಹಾಕಿರುತ್ತಿದ್ದರು.

ನಾನು ರಿಟೈರಾದ ಮೆಡಿಕಲ್ ರೆಪ್. ದಾವಣಗೆರೆ ಹೆಡ್‌ಕ್ವಾರ್ಟರ್, ಹರಿಹರ, ರಾಣೆಬೆನ್ನೂರು, ಚಿತ್ರದುರ್ಗ, ಹೊಳಲ್ಕೆರೆ, ಜಗಳೂರು ನನ್ನ ಸುತ್ತು. ದಿನಕ್ಕೆ ಹತ್ತು ಹನ್ನೆರಡು ಡಾಕ್ಟರು, ಐದಾರು ಮೆಡಿಕಲ್ ಶಾಪು. ಕುತ್ತಿಗೆಗೆ ಟೈ, ಕೈಯಲ್ಲಿ ಕಪ್ಪು ಚೀಲ. ಮೇ ತಿಂಗಳ ಬಿಸಿಲಲ್ಲಿ ಜಗಳೂರು ಬಸ್ ಸ್ಟ್ಯಾಂಡಿನಲ್ಲಿ ಟೈ ಕಟ್ಟಿಕೊಂಡು ನಿಂತವನನ್ನು ನೋಡಿ ಜನ, ಇವನು ಮದುವೆ ಗಂಡೋ ಎಲ್‌ಐಸಿ ಏಜೆಂಟೋ ಎಂದು ಯೋಚನೆಗೆ ಬೀಳುತ್ತಿದ್ದರು. ಡಾಕ್ಟರ ಕೋಣೆಯ ಹೊರಗೆ ಕಡೆಯ ರೋಗಿ ಹೋಗುವ ತನಕ ಕಾಯಬೇಕು. ಒಳಗೆ ಸಿಗುವುದು ಒಂದೂವರೆ ನಿಮಿಷ. ಅಷ್ಟರಲ್ಲಿ ನಮ್ಮ ನೋವಿನ ಗುಳಿಗೆ ಪಕ್ಕದ ಕಂಪನಿಯ ನೋವಿನ ಗುಳಿಗೆಗಿಂತ ಹೇಗೆ ಮಿಗಿಲು ಎಂದು ಮನದಟ್ಟು ಮಾಡಬೇಕು. ಎರಡರಲ್ಲೂ ಇದ್ದದ್ದು ಡೈಕ್ಲೋಫೆನಾಕೇ. ಮಿಗಿಲಾಗಿದ್ದದ್ದು ನಾನು ಕೊಡುತ್ತಿದ್ದ ಪೆನ್ನು.

ಪೆನ್ನು, ಪೇಪರ್ ವೇಟು, ವರ್ಷಕ್ಕೊಂದು ಕ್ಯಾಲೆಂಡರು. ದೊಡ್ಡ ಡಾಕ್ಟರಾದರೆ ಒಂದು ಸ್ಟೆತಾಸ್ಕೋಪು. ನಮ್ಮ ಭ್ರಷ್ಟಾಚಾರದ ಎತ್ತರ ಅಷ್ಟೇ.

ಹೀಗೆ ಚಪ್ಪಲಿ ಸವೆಸಿದವನಿಗೆ ರಿಟೈರಾದ ಮೇಲೆ ಮಗಳು ಒಂದು ಫೋನು ಕೊಡಿಸಿದಳು. ಅದರಲ್ಲಿ ಅಮೆರಿಕದ ಪರ್ಡ್ಯೂ ಫಾರ್ಮಾ ಕಂಪನಿಯ ಪುರಾಣ ಓದುತ್ತಾ ಹೋದೆ. ಓದಿದವರು ಕಣ್ಣೀರು ಹಾಕಿದ್ದಾರಂತೆ. ನನಗೆ ಬಂದದ್ದು ಹೊಟ್ಟೆಕಿಚ್ಚು. ಅದೇ ಕಸುಬು, ಅದೇ ಚೀಲ. ಅವರೆಲ್ಲಿ, ನಾನೆಲ್ಲಿ!

ಅವರ ಸರಕಿನ ಹೆಸರು ಆಕ್ಸಿಕಾಂಟಿನ್. ಒಳಗಿರುವುದು ಆಕ್ಸಿಕೋಡೋನ್, ಅಫೀಮಿನ ಕುಲ, ಮಾರ್ಫಿನ್ನಿನ ದಾಯಾದಿ, ಬಲದಲ್ಲಿ ಅದಕ್ಕಿಂತ ಒಂದು ಕೈ ಮೇಲು. ಹಳೆಯ ಮದ್ದೇ. ಹೊಸದಾಗಿದ್ದದ್ದು, ಗುಳಿಗೆ ಹೊಟ್ಟೆಯಲ್ಲಿ ಮೆಲ್ಲಗೆ ಕರಗಿ 12 ತಾಸು ಕೆಲಸ ಮಾಡುತ್ತದೆ ಎಂಬ ಮಾತು. 1995ರ ಡಿಸೆಂಬರಿನಲ್ಲಿ ಅಲ್ಲಿನ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಜೊತೆಗೆ ಲೇಬಲ್ಲಿನಲ್ಲಿ ಒಂದು ಸಾಲು ಸೇರಿತು: ಮೆಲ್ಲಗೆ ಕರಗುವುದರಿಂದ ದುರ್ಬಳಕೆ ಕಡಿಮೆ ಎಂದು ನಂಬಲಾಗಿದೆ. ನಂಬಲಾಗಿದೆ! ಹೈಸ್ಕೂಲಿನಲ್ಲಿ ಕರ್ಮಣಿ ಪ್ರಯೋಗದಿಂದ ಯಾರಿಗೆ ಏನು ಲಾಭ ಎಂದು ಕೇಳಿ ಕನ್ನಡ ಮೇಷ್ಟ್ರ ಹತ್ತಿರ ಏಟು ತಿಂದಿದ್ದೆ. ಲಾಭ ಎಷ್ಟು ಎಂದು ಈಗ ಗೊತ್ತಾಯಿತು. ಯಾರು ನಂಬಿದರು, ಏನು ನೋಡಿ ನಂಬಿದರು ಎಂದು ಹೇಳುವ ಗೋಜೇ ಇಲ್ಲ. ಆ ಅರ್ಜಿಯನ್ನು ಪರಿಶೀಲಿಸಿದ ಎಫ್‌ಡಿಎ ಅಧಿಕಾರಿ ಸರ್ಕಾರಿ ಕೆಲಸ ಬಿಟ್ಟು, ಕೆಲ ಕಾಲದ ಮೇಲೆ ಅದೇ ಕಂಪನಿಗೆ ಕೆಲಸಕ್ಕೆ ಸೇರಿದರು. ಇದರಲ್ಲಿ ಅಪರಾಧವೇನೂ ಸಾಬೀತಾಗಿಲ್ಲ ಬಿಡಿ. ದೀಪಾವಳಿಗೆ ಇನ್‌ಸ್ಪೆಕ್ಟರಿಗೆ ಅರ್ಧ ಕೆಜಿ ಸ್ವೀಟ್ ಬಾಕ್ಸ್ ಕೊಟ್ಟು ಕೃತಾರ್ಥರಾದವರು ನಾವು. ನಮಗೆ ದೂರದೃಷ್ಟಿ ಸಾಲದು.

ಇನ್ನು ಗಿಫ್ಟಿನ ವಿಷಯ. 1996ರಲ್ಲಿ ಮಾರಾಟ ಶುರುವಾದ ಮೇಲೆ ಅಲ್ಲಿನ ರೆಪ್‌ಗಳು ಡಾಕ್ಟರುಗಳಿಗೆ ಹಂಚಿದ್ದು: ಮೀನು ಹಿಡಿಯಲು ಹೋಗುವಾಗ ಹಾಕುವ ಟೋಪಿ, ಅಪ್ಪಿಕೊಂಡು ಮಲಗುವ ಮೆತ್ತನೆ ಗೊಂಬೆ, ಕುಣಿಯುವ ಹಾಡುಗಳ ಸಿ.ಡಿ. ಎಲ್ಲದರ ಮೇಲೂ ಅಫೀಮು ಗುಳಿಗೆಯ ಹೆಸರು. ಅಪ್ಪ ಡಾಕ್ಟರ್ ಸಂಜೆ ಮನೆಗೆ ತಂದ ಗೊಂಬೆಯನ್ನು ಮಗು ಅಪ್ಪಿಕೊಂಡು ಮಲಗಿದ ದೃಶ್ಯ ನನ್ನ ಕಣ್ಣಿಗೆ ಕಟ್ಟುತ್ತದೆ. ಮಾರ್ಕೆಟಿಂಗ್ ಅಂದರೆ ಹೀಗೆ ಮನೆಯೊಳಗೆ ನುಗ್ಗಬೇಕು. 1996ರಿಂದ 2001ರ ತನಕ 40ಕ್ಕೂ ಹೆಚ್ಚು ಸಮ್ಮೇಳನ. 5,000ಕ್ಕೂ ಹೆಚ್ಚು ಡಾಕ್ಟರು, ನರ್ಸು, ಫಾರ್ಮಸಿಸ್ಟರಿಗೆ ಬೆಚ್ಚಗಿನ ಊರುಗಳ ರೆಸಾರ್ಟಿನಲ್ಲಿ ಊಟ, ವಸತಿ, ಪ್ರಯಾಣ ಎಲ್ಲ ಫ್ರೀ. ರೋಗಿಗಳಿಗೂ ಅನ್ಯಾಯ ಮಾಡಲಿಲ್ಲ. ಮೊದಲ 7ರಿಂದ 30 ದಿನದ ಗುಳಿಗೆ ಪುಕ್ಕಟೆ ಎಂಬ ಕೂಪನ್ನು. ಸುಮಾರು 34,000 ಜನ ಅದನ್ನು ಕೊಟ್ಟು ಗುಳಿಗೆ ತಂದರು. ನಮ್ಮ ಕಡೆ ಮೊದಲ ಪೊಟ್ಟಣ ಫ್ರೀ ಕೊಡುವವನನ್ನು ಪೊಲೀಸರು ಹುಡುಕುತ್ತಾರೆ.

ಸಂಬಳ ಕೇಳಿ. 2001ರಲ್ಲಿ ಅಲ್ಲಿನ ರೆಪ್‌ಗೆ ವರ್ಷಕ್ಕೆ ಸರಾಸರಿ ಸಂಬಳ 55,000 ಡಾಲರು, ಬೋನಸ್ಸು 71,500 ಡಾಲರು. ಬಾಲವೇ ನಾಯಿಗಿಂತ ಉದ್ದ. ಯಾವ ಡಾಕ್ಟರು ಎಷ್ಟು ಬರೆಯುತ್ತಾರೆ ಎಂಬ ಪಟ್ಟಿಯನ್ನು ಕಂಪನಿ ದುಡ್ಡು ಕೊಟ್ಟು ಕೊಳ್ಳುತ್ತಿತ್ತು. ಅದೇ ಕೆಲಸಕ್ಕೆ ನಾನು ಶೆಟ್ಟರ ಮೆಡಿಕಲ್ಲಿನಲ್ಲಿ ಸ್ಟೂಲ್ ಹಾಕಿಕೊಂಡು ಬಿಲ್ ಬುಕ್ಕಿನ ಕಾರ್ಬನ್ ಕಾಪಿ ತಿರುವುತ್ತಾ ಕೂರುತ್ತಿದ್ದೆ. ಬೆರಳೆಲ್ಲ ನೀಲಿ, ಮಧ್ಯೆ ಶೆಟ್ಟರು ‘ಸ್ವಲ್ಪ ಎದ್ದೇಳಿ ಸಾರ್, ಕೆಳಗೆ ಗ್ಲೂಕೋಸ್ ಇದೆ’ ಅನ್ನುವುದು. 1996ರಲ್ಲಿ 4.8 ಕೋಟಿ ಡಾಲರ್ ಇದ್ದ ಅವರ ಮಾರಾಟ 2000ದಲ್ಲಿ ಹತ್ತಿರ ಹತ್ತಿರ 110 ಕೋಟಿ ಡಾಲರ್. ನಾಲ್ಕು ವರ್ಷದಲ್ಲಿ ಅಮೆರಿಕನ್ನರಿಗೆ ನೋವು ಇಪ್ಪತ್ತು ಪಟ್ಟು ಹೆಚ್ಚಾಯಿತೋ? ಹಾಗೆ ಕೇಳುವವನು ರೆಪ್ ಆಗಲಾರ.

ಆದರೆ ನಾನು ಟೋಪಿ ತೆಗೆದು ನಮಸ್ಕರಿಸುವುದು ಗಿಫ್ಟಿಗಲ್ಲ, ಮಾತಿಗೆ. ನಮ್ಮ ಕಸುಬು ನಿಂತಿರುವುದೇ ಮಾತಿನ ಮೇಲೆ. 1980ರಲ್ಲಿ ಅಮೆರಿಕದ ದೊಡ್ಡ ವೈದ್ಯ ಪತ್ರಿಕೆಯೊಂದರ ಓದುಗರ ಪತ್ರ ವಿಭಾಗದಲ್ಲಿ ಐದೇ ವಾಕ್ಯದ ಒಂದು ಕಾಗದ ಅಚ್ಚಾಗಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಇಂಥ ಮದ್ದು ಪಡೆದ 11,882 ರೋಗಿಗಳಲ್ಲಿ ಚಟಕ್ಕೆ ಬಿದ್ದದ್ದು ನಾಲ್ವರ ವಿಷಯದಲ್ಲಿ ಮಾತ್ರ ಕಂಡುಬಂತು ಅಂತ. ನರ್ಸು ಅಳೆದು ಕೊಟ್ಟ ಮದ್ದು ಅದು. ಮನೆಗೆ ಡಬ್ಬ ಹೊತ್ತೊಯ್ದು ತಿಂಗಳುಗಟ್ಟಲೆ ನುಂಗಿದವರ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ. ಇರಲಿ, ಕಾಗದ ಸಿಕ್ಕಿತಲ್ಲ! 2017ರಲ್ಲಿ ಯಾರೋ ಪುಣ್ಯಾತ್ಮರು ಕೂತು ಎಣಿಸಿದರು: ಆ ಐದು ವಾಕ್ಯವನ್ನು 608 ಕಡೆ ಉಲ್ಲೇಖಿಸಲಾಗಿತ್ತು, ಹತ್ತರಲ್ಲಿ ಏಳು ಕಡೆ ‘ಚಟ ಅಪರೂಪ’ ಎನ್ನುವುದಕ್ಕೆ ಸಾಕ್ಷಿಯಾಗಿ. ಪರ್ಡ್ಯೂ ರೆಪ್‌ಗಳಿಗೆ ಬಾಯಿಪಾಠ ಮಾಡಿಸಿದ್ದು ‘ಶೇಕಡ ಒಂದಕ್ಕಿಂತ ಕಡಿಮೆ’ ಎಂಬ ಮಂತ್ರ. ಓದುಗರ ಪತ್ರ ಬರೆದು ಬರೆದು ಒಂದು ಗುಂಡಿ ಮುಚ್ಚಿಸಲಾಗದ ನಮ್ಮೂರ ಪೆನ್ಶನ್ದಾರರು ಇದನ್ನು ಕೇಳಿದರೆ ಎದೆ ಒಡೆದುಕೊಳ್ಳುತ್ತಾರೆ.

ಇದಕ್ಕೂ ಮಿಗಿಲಾದ ರತ್ನ ಇನ್ನೊಂದಿದೆ. ರೋಗಿ ಗಡಿಯಾರ ನೋಡುತ್ತಾ ಮುಂದಿನ ಗುಳಿಗೆಗೆ ಕಾಯುತ್ತಾನೆ, ಸುಳ್ಳು ಹೇಳುತ್ತಾನೆ, ಇನ್ನೂ ಬೇಕು ಎಂದು ಗೋಗರೆಯುತ್ತಾನೆ. ನಮ್ಮಂಥ ಪಾಮರರು ಇದನ್ನು ಚಟ ಅನ್ನುತ್ತೇವೆ. 1989ರಲ್ಲಿ ಇಬ್ಬರು ವೈದ್ಯರು ಒಬ್ಬನೇ ಒಬ್ಬ ರೋಗಿಯನ್ನು ನೋಡಿ ಇದಕ್ಕೆ ‘ಹುಸಿ ಚಟ’ ಎಂದು ನಾಮಕರಣ ಮಾಡಿದರು. ಅವನಿಗೆ ಹಿಡಿದಿರುವುದು ಚಟವಲ್ಲ, ನೋವಿಗೆ ಮದ್ದು ಸಾಲದೆ ಹಾಗಾಡುತ್ತಿದ್ದಾನೆ ಅಂತ. ಆ ಒಬ್ಬ ರೋಗಿಯ ಮಟ್ಟಿಗೆ ನಿಜವೇ ಇದ್ದೀತು. ಅವನು ಕ್ಯಾನ್ಸರ್ ರೋಗಿ. ಕಂಪನಿಯ ಕೈಗೆ ಸಿಕ್ಕಿದ ಮೇಲೆ ಅದು ಊರಿಗೆಲ್ಲ ಸೂತ್ರವಾಯಿತು: ಚಟದ ಲಕ್ಷಣ ಕಂಡರೆ ಡೋಸು ಏರಿಸಿ. ಇಬ್ಬರಲ್ಲೊಬ್ಬರು ಮುಂದೆ ಪರ್ಡ್ಯೂದಲ್ಲೇ ದೊಡ್ಡ ಹುದ್ದೆಗೆ ಹೋದರು. ಈ ಸಿದ್ಧಾಂತವನ್ನು ನಮ್ಮ ಬಡಾವಣೆಯ ಬಾರಿನ ಮುಂದೆ ಚರಂಡಿಗೆ ಕಾಲು ಇಳಿಬಿಟ್ಟು ಮಲಗಿದವನಿಗೆ ಅನ್ವಯಿಸಿ ನೋಡಿ. ಅವನು ಕುಡುಕನಲ್ಲ. ಇನ್ನೊಂದು ಕ್ವಾರ್ಟರ್ ಸಾಲದೆ ಬಂದ ಹುಸಿ ಕುಡುಕ. ಅವನ ಹೆಂಡತಿಗೆ ಇಷ್ಟು ವರ್ಷ ಯಾರೂ ಇದನ್ನು ಬಿಡಿಸಿ ಹೇಳಿರಲಿಲ್ಲ.

ಪರಿಚಯದವರ ಮಗನೊಬ್ಬ ಬಳ್ಳಾರಿಯಲ್ಲಿ ಎಂ.ಬಿ.ಬಿ.ಎಸ್. ಓದಿ ಅಮೆರಿಕಕ್ಕೆ ಹೋದವನು. ಅಲ್ಲಿನ ಡಾಕ್ಟರುಗಳು ಹೋಗಲೊಲ್ಲದ ಕಲ್ಲಿದ್ದಲು ಗಣಿಯ ಗುಡ್ಡಗಾಡಿಗೆ ನಮ್ಮ ಹುಡುಗರನ್ನು ವೀಸಾ ಆಸೆಗೆ ಕಳಿಸುತ್ತಾರಲ್ಲ, ಹಾಗೆ ವೆಸ್ಟ್ ವರ್ಜೀನಿಯಾಕ್ಕೆ ಹೋಗಿದ್ದ. ಕೆಲವು ವರ್ಷದ ಹಿಂದೆ ರಜಕ್ಕೆ ಬಂದಾಗ ಬೆಣ್ಣೆ ದೋಸೆ ತಿನ್ನುತ್ತಾ ಹೇಳಿದ: ‘ಅಂಕಲ್, ಅಲ್ಲಿ ಬಿಪಿ, ನಾಡಿ, ಜ್ವರ, ಉಸಿರಾಟ ನೋಡಿದ ಹಾಗೆ ನೋವನ್ನೂ ಅಳೀಬೇಕು. ಸೊನ್ನೆಯಿಂದ ಹತ್ತು. ರೋಗಿ ಹತ್ತು ಅಂದ್ರೆ ಹತ್ತು. ಡಿಸ್ಚಾರ್ಜ್ ಆದ್ಮೇಲೆ ನಿಮ್ಮ ನೋವು ಹತೋಟೀಲಿತ್ತಾ ಅಂತ ರೋಗೀನ ಕೇಳ್ತಾರೆ, ಆ ಉತ್ತರದ ಮೇಲೆ ಆಸ್ಪತ್ರೆಗೆ ಸರ್ಕಾರದ ದುಡ್ಡು. ಬರೀದೆ ಇದ್ರೆ ಮಾರ್ಕು ಹೋಗುತ್ತೆ.’ ನಾನು ಕೇಳಿದೆ, ‘ಬರೆದರೆ?’ ಅವನು ಚಟ್ನಿಗೆ ಕೈ ಹಾಕಿದ.

ಆ ರಾಜ್ಯದಲ್ಲಿ ಕರ್ಮಿಟ್ ಎಂಬ ಊರಿದೆ. ಜನಸಂಖ್ಯೆ ಸುಮಾರು 400. ನಮ್ಮ ಕಡೆ ಅದಕ್ಕೆ ಊರು ಅನ್ನುವುದಿಲ್ಲ, ಹಟ್ಟಿ ಅನ್ನುತ್ತೇವೆ. ಅಲ್ಲಿನ ಒಂದು ಔಷಧಿ ಅಂಗಡಿಗೆ ಎರಡು ವರ್ಷದಲ್ಲಿ ಹತ್ತಿರ ಹತ್ತಿರ 90 ಲಕ್ಷ ಹೈಡ್ರೋಕೋಡೋನ್ ಗುಳಿಗೆ ಬಂದಿಳಿದವು. ಇದೂ ಅದೇ ಕುಲದ್ದು, ಬೇರೆ ಕಂಪನಿಗಳದ್ದು. ಭಾಗಾಕಾರ ಮಾಡಿ: ತೊಟ್ಟಿಲ ಕೂಸೂ ಸೇರಿ ಒಬ್ಬೊಬ್ಬರಿಗೆ ದಿನಕ್ಕೆ 30 ಗುಳಿಗೆ. ಸ್ಥಳೀಯ ಪತ್ರಿಕೆಯ ಎರಿಕ್ ಐರ್ ಎಂಬ ವರದಿಗಾರ ಲೆಕ್ಕ ಬಿಚ್ಚಿದ. ಇಡೀ ರಾಜ್ಯಕ್ಕೆ ಆರು ವರ್ಷದಲ್ಲಿ ಹೈಡ್ರೋಕೋಡೋನ್, ಆಕ್ಸಿಕೋಡೋನ್ ಎರಡೂ ಸೇರಿ 78 ಕೋಟಿ ಗುಳಿಗೆ, ಅದೇ ಆರು ವರ್ಷದಲ್ಲಿ ಇವೇ ಗುಳಿಗೆ ಮಿತಿಮೀರಿ ಸತ್ತವರು 1,728. 2017ರಲ್ಲಿ ಅವನಿಗೆ ಪುಲಿಟ್ಜರ್ ಬಂತು. ಸಗಟು ವ್ಯಾಪಾರಿಗೆ ಅನುಮಾನವೇ ಬರಲಿಲ್ಲವೇ ಎಂದು ಕೇಳಬೇಡಿ. ನಮ್ಮ ಸ್ಟಾಕಿಸ್ಟರನ್ನು ನಾನು ಬಲ್ಲೆ. ಆರ್ಡರು ಜಾಸ್ತಿಯಾಯಿತು ಎಂದು ಅನುಮಾನಪಟ್ಟ ಸ್ಟಾಕಿಸ್ಟನನ್ನು ಬ್ರಹ್ಮ ಇನ್ನೂ ಸೃಷ್ಟಿಸಿಲ್ಲ.

ನನ್ನ ಕಸುಬಿನ ಲೆಕ್ಕದಲ್ಲಿ ಒಂದು ಚೀಟಿಗೆ ಒಬ್ಬ ರೋಗಿ. ಬಳ್ಳಾರಿ ಹುಡುಗ ಹೇಳಿದ್ದು ಬೇರೆ ಲೆಕ್ಕ. ಗಣಿಯಲ್ಲಿ ಬೆನ್ನು ಮುರಿದುಕೊಂಡ ಅಪ್ಪನಿಗೆ ಬರೆದ ಗುಳಿಗೆಯನ್ನು ಹೈಸ್ಕೂಲ್ ಮಗ ಕದಿಯುತ್ತಾನೆ. ಮೊದಲು ಎರಡು, ಆಮೇಲೆ ಹತ್ತು. ತಾಯಿ ದಿನಾ ರಾತ್ರಿ ಡಬ್ಬ ಸುರಿದು ಎಣಿಸುತ್ತಾಳೆ. ಗಂಡನ ಮೇಲೆ ಅನುಮಾನ, ಮಗನ ಮೇಲೆ ಅನುಮಾನ, ತನ್ನ ಎಣಿಕೆಯ ಮೇಲೂ ಅನುಮಾನ. ಅಜ್ಜಿ ಮಂಡಿನೋವಿನ ಗುಳಿಗೆಯನ್ನು ಒಳಲಂಗದ ಜೇಬಲ್ಲಿ ಇಟ್ಟುಕೊಂಡು ಮಲಗುತ್ತಾಳೆ. ಬೆಳ್ಳಿ ಚಮಚ, ಅಪ್ಪನ ಡ್ರಿಲ್ಲಿಂಗ್ ಮೆಷಿನ್ನು, ತಂಗಿಯ ಸೈಕಲ್ಲು ಒಂದೊಂದಾಗಿ ಮನೆ ಬಿಡುತ್ತವೆ. ಮನೆಗೆ ನೆಂಟರು ಬಂದರೆ ಬಚ್ಚಲ ಕಪಾಟಿಗೆ ಬೀಗ. ಮದುವೆ, ತಿಥಿ, ಹಬ್ಬ ಯಾವುದಕ್ಕೂ ಒಟ್ಟಿಗೆ ಕೂರದ ಮನೆಯವರೆಲ್ಲ ಒಟ್ಟಿಗೆ ಕೂರುವುದು ಆಸ್ಪತ್ರೆಯ ಎಮರ್ಜೆನ್ಸಿ ಬೆಂಚಿನ ಮೇಲೆ. ಬಸುರಿಯಾದವಳು ನುಂಗುತ್ತಿದ್ದರೆ ಹುಟ್ಟಿದ ಕೂಸು ಎರಡನೇ ದಿನಕ್ಕೆ ನಡುಗಲು ಶುರುಮಾಡುತ್ತದಂತೆ, ಕೀರಲು ಧ್ವನಿಯಲ್ಲಿ ಎಡೆಬಿಡದೆ ಅಳುತ್ತದಂತೆ. ಲೋಕದಲ್ಲಿ ಅದಕ್ಕೆ ಮೊದಲು ಸಿಕ್ಕ ಅನುಭವವೇ ಚಟ ಬಿಡುವ ಸಂಕಟ. ಅದನ್ನು ಎತ್ತಿ ಆಡಿಸಲು ಎಪ್ಪತ್ತರ ಅಜ್ಜಿ. ಮಗಳನ್ನು ಮಣ್ಣು ಮಾಡಿ ಬಂದು ಮೊಮ್ಮಗಳಿಗೆ ಶೂ ಲೇಸ್ ಕಟ್ಟುವ ಅಜ್ಜಿಯರು ಆ ಕಡೆ ಓಣಿಗೊಬ್ಬರು ಎಂದ. 2011ರಿಂದ 2021ರ ನಡುವೆ ಅಮೆರಿಕದಲ್ಲಿ ಮಾದಕ ಮದ್ದು ಮಿತಿಮೀರಿ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಕ್ಕಳು 3,21,000ಕ್ಕೂ ಹೆಚ್ಚು ಎಂದು ಸಂಶೋಧಕರ ಅಂದಾಜು. ಇದರಲ್ಲಿ ಎಲ್ಲವೂ ಡಾಕ್ಟರ ಚೀಟಿಯಿಂದ ಆದದ್ದಲ್ಲ. ಚೀಟಿ ನಿಂತಾಗ ಜನ ಹೆರಾಯಿನ್ನಿಗೆ ಹೋದರು, ಹೆರಾಯಿನ್ನಿನಿಂದ ಫೆಂಟನಿಲ್ಲಿಗೆ ಬಂದರು. ರುಚಿ ಹತ್ತಿಸಿದ್ದು ಒಬ್ಬರು, ವ್ಯಾಪಾರ ಕುದುರಿದ್ದು ಇನ್ನೊಬ್ಬರಿಗೆ. ನಮ್ಮ ಕಸುಬಿನಲ್ಲಿ ಇದು ಬಹಳ ಸಲ ಆಗುತ್ತದೆ.

ಪರ್ಡ್ಯೂ ಕಂಪನಿ ಸ್ಯಾಕ್ಲರ್ ಮನೆತನದ್ದು. ಹಾಗಾಗಿ ಕುಟುಂಬದ ಬೆಲೆ ಅವರಿಗೆ ಚೆನ್ನಾಗಿ ಗೊತ್ತು. 2007ರಲ್ಲಿ ತಪ್ಪೊಪ್ಪಿಕೊಂಡು 60 ಕೋಟಿ ಡಾಲರಿನಷ್ಟು ದಂಡ ಕಟ್ಟಿದರು. ಮೂವರು ಅಧಿಕಾರಿಗಳೂ ತಪ್ಪೊಪ್ಪಿಕೊಂಡರು, ಒಬ್ಬರೂ ಜೈಲಿಗೆ ಹೋಗಲಿಲ್ಲ. ವರ್ಜೀನಿಯಾದ ಆ ಕೋರ್ಟಿಗೆ ಸತ್ತ ಮಕ್ಕಳ ಫೋಟೋ ಹಿಡಿದು ತಂದೆತಾಯಿ ಬಂದಿದ್ದರು. ವಾಪಸ್ ಹೋದರು. 2008ರಿಂದ 2017ರೊಳಗೆ ಮನೆಯವರು ಕಂಪನಿಯಿಂದ ಹೊರಗೆ ತೆಗೆದ ದುಡ್ಡು 1,000 ಕೋಟಿ ಡಾಲರಿಗೂ ಹೆಚ್ಚು. ದಂಡವನ್ನು ಖರ್ಚಿನ ಬಾಬತ್ತಿಗೆ ಹಾಕಿಕೊಳ್ಳುವುದು ಅಂದರೆ ಇದು. 2020ರಲ್ಲಿ ಕಂಪನಿ ಮತ್ತೊಮ್ಮೆ ತಪ್ಪೊಪ್ಪಿಕೊಂಡಿತು. ಅಭ್ಯಾಸಬಲ.

ಅವರಿಗೆ ಬುದ್ಧಿ ಹೇಳಲು ಮೆಕಿನ್ಸಿ ಎಂಬ ಜಗತ್ಪ್ರಸಿದ್ಧ ಸಲಹಾ ಕಂಪನಿ ಇತ್ತು. ನಮಗೆ ಬುದ್ಧಿ ಹೇಳಲು ಹುಬ್ಬಳ್ಳಿಯಿಂದ ರೀಜನಲ್ ಮ್ಯಾನೇಜರು ಬರುತ್ತಿದ್ದರು, ಬಂದಾಗೆಲ್ಲ ಟೈ ಸರಿಮಾಡಿಕೋ ಅನ್ನುತ್ತಿದ್ದರು. ಮೆಕಿನ್ಸಿಯವರು 2017ರಲ್ಲಿ ಒಂದು ಉಪಾಯ ಮುಂದಿಟ್ಟರು: ನಮ್ಮ ಗುಳಿಗೆ ಕೊಂಡ ಗಿರಾಕಿ ಮಿತಿಮೀರಿ ಕುಸಿದುಬಿದ್ದರೆ ಅಥವಾ ಚಟಕ್ಕೆ ಬಿದ್ದರೆ, ಅದನ್ನು ಮಾರಿದ ಅಂಗಡಿ ಸರಪಳಿಗೂ ವಿಮೆಯವರಿಗೂ ರಿಯಾಯಿತಿ ಕೊಡೋಣ. ಒಂದು ಪ್ರಕರಣಕ್ಕೆ 14,810 ಡಾಲರು ಎಂಬ ಲೆಕ್ಕವೂ ಇತ್ತು. ಆ ಕಡೆಯ ಹತ್ತು ಡಾಲರನ್ನು ಗಮನಿಸಿ. ಎಷ್ಟು ನಿಷ್ಠೆಯಿಂದ ಕೂಡಿ ಕಳೆದಿರಬೇಕು! ಅಂಥ ದುಡ್ಡು ತಮಗೆ ಬಂದೇ ಇಲ್ಲ ಎಂದು ಅಂಗಡಿಯವರು ಆಮೇಲೆ ಹೇಳಿದರು. ಉಪಾಯದ ಸೊಗಸಿಗೆ ಅದರಿಂದ ಕುಂದಿಲ್ಲ. ಮಗ ಸತ್ತ ಮನೆಗೆ ಯಾಕೆ ಕೊಡಬಾರದು ಎಂದು ಆ ಕೋಣೆಯಲ್ಲಿ ಯಾರಿಗಾದರೂ ಹೊಳೆದಿದ್ದರೆ ಅವನಿಗೆ ಅಲ್ಲಿ ಕೆಲಸ ಸಿಗುತ್ತಿರಲಿಲ್ಲ. ಮನೆಗಳಿಗೆ ಬೇರೆ ರೇಟು. ಪರ್ಡ್ಯೂ ದಿವಾಳಿ ಅರ್ಜಿ ಹಾಕಿದ ಮೇಲೆ ಕೋರ್ಟಿನಲ್ಲಿ ತಯಾರಾದ ಯೋಜನೆಯಲ್ಲಿ ನೊಂದ ಒಬ್ಬೊಬ್ಬರಿಗೆ 3,500ರಿಂದ 48,000 ಡಾಲರು. ಆ ಯೋಜನೆಯನ್ನು 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದು-ನಾಲ್ಕು ಮತಗಳಿಂದ ತಳ್ಳಿಹಾಕಿತು. 2025ರಲ್ಲಿ 740 ಕೋಟಿ ಡಾಲರಿನ ಹೊಸ ಒಪ್ಪಂದ ಬಂತು.

ನಡುವೆ 2022ರ ಮಾರ್ಚಿನಲ್ಲಿ ಒಂದು ದಿನ ಆ ಮನೆತನದ ಮೂವರು ನೊಂದವರ ಮಾತು ಕೇಳಲೇಬೇಕಾಯಿತು, ಆನ್‌ಲೈನಿನಲ್ಲಿ. ಇಬ್ಬರ ಮುಖ ಪರದೆಯ ಮೇಲೆ ಕಾಣುತ್ತಿತ್ತು. ಕಂಪನಿಯನ್ನು ಮುನ್ನಡೆಸಿದ್ದ ರಿಚರ್ಡ್ ಸ್ಯಾಕ್ಲರ್ ಫೋನಿನಲ್ಲಿ ಕಿವಿ ಮಾತ್ರ ಕೊಟ್ಟರು. ಒಬ್ಬ ತಾಯಿ, ತನ್ನ ಮಗ ಬಿದ್ದಿದ್ದನ್ನು ಕಂಡ ಗಳಿಗೆಯಲ್ಲಿ ತುರ್ತು ಸೇವೆಗೆ ಮಾಡಿದ್ದ ಫೋನ್ ಕರೆಯ ರೆಕಾರ್ಡಿಂಗನ್ನೇ ಅವರಿಗೆ ಕೇಳಿಸಿದಳು. ಉತ್ತರ ಕೊಡುವ ಅವಕಾಶ ಅವರಿಗೆ ಇರಲಿಲ್ಲ. ಡಾಕ್ಟರ ಕೋಣೆಯ ಹೊರಗೆ ಮೂರು ದಶಕ ಕಾದು ಕೂತವನಾಗಿ ಹೇಳುತ್ತೇನೆ, ಬಾಯಿಬಿಡದೆ ಕೇಳಿಸಿಕೊಳ್ಳುವುದು ನಮ್ಮ ಕಸುಬಿನವರಿಗೆ ಯಾರೂ ಕಲಿಸಿಲ್ಲ.

ಭಾರತೀಯರು ಹಿಂದೆ ಬಿದ್ದಿದ್ದಾರೆ ಎಂದು ಕೊರಗಬೇಡಿ. ಅಮೃತಸರದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳಗಿದ ಜಾನ್ ಕಪೂರ್ ಎಂಬ ಮಹನೀಯರು ಇನ್ಸಿಸ್ ಕಂಪನಿ ಕಟ್ಟಿ, ಕ್ಯಾನ್ಸರಿನ ತೀವ್ರ ನೋವಿಗೆಂದು ಇದ್ದ ಫೆಂಟನಿಲ್ ಸ್ಪ್ರೇಯನ್ನು ಕ್ಯಾನ್ಸರ್ ಇಲ್ಲದವರಿಗೂ ಬರೆಸಿದರು. ಭಾಷಣ ಮಾಡಿಸಿದ ನೆಪದಲ್ಲಿ ಡಾಕ್ಟರುಗಳಿಗೆ ದುಡ್ಡು. ರೆಪ್‌ಗಳು ಡೋಸು ಏರಿಸಿ ಎಂದು ರ‍್ಯಾಪ್ ಹಾಡು ಕಟ್ಟಿ ಕುಣಿದ ವಿಡಿಯೋದಲ್ಲಿ ಒಬ್ಬ ವೈಸ್ ಪ್ರೆಸಿಡೆಂಟು ಸ್ಪ್ರೇ ಬಾಟಲಿಯ ವೇಷ ಹಾಕಿದ್ದ. 2020ರ ಜನವರಿಯಲ್ಲಿ ಕಪೂರರಿಗೆ 66 ತಿಂಗಳ ಸಜೆಯಾಯಿತು. ಇನ್ನು ಮನೆಯಲ್ಲಿದ್ದುಕೊಂಡೇ ಸಾಧಿಸಿದವರೂ ಇದ್ದಾರೆ: ಮುಂಬೈ ಕಡೆಯ ಒಂದು ಕಂಪನಿ ಟ್ಯಾಪೆಂಟಡಾಲಿಗೆ ಇನ್ನೊಂದು ಮತ್ತು ಬರಿಸುವ ಮದ್ದು ಬೆರೆಸಿ ಘಾನಾ, ನೈಜೀರಿಯಾ ಕಡೆಗೆ ಕಳಿಸುತ್ತಿದ್ದುದನ್ನು 2025ರ ಫೆಬ್ರವರಿಯಲ್ಲಿ ಬಿಬಿಸಿ ಬಯಲು ಮಾಡಿತು. ಆ ಮೇಲೆ ನಮ್ಮ ಸರ್ಕಾರ ಆ ಬೆರಕೆಯನ್ನು ನಿಷೇಧಿಸಿತು. ಅಲ್ಲಿಯ ಬೀದಿ ಹುಡುಗರ ತಾಯಂದಿರಿಗೆ ಮೇಡ್ ಇನ್ ಇಂಡಿಯಾ ಎಂಬ ಮಾತು ಓದಲು ಬರುತ್ತದೆ.

ಹಾಗಾದರೆ ಕ್ಯಾನ್ಸರಿನ ನೋವಿಗೆ ನಿಜಕ್ಕೂ ಬೇಕಾದ ಮಾರ್ಫಿನ್ನು? ಅಫೀಮನ್ನು ಸರ್ಕಾರದ ಲೈಸೆನ್ಸಿನಲ್ಲಿ ಬೆಳೆಯುವ ದೇಶ ನಮ್ಮದು. ಮಧ್ಯಪ್ರದೇಶದ ಮಂದಸೌರ್, ನೀಮಚ್, ರಾಜಸ್ಥಾನದ ಚಿತ್ತೋರಗಢದ ಹೊಲಗಳಲ್ಲಿ ಬೆಳೆ; ನೀಮಚ್ ಮತ್ತು ಘಾಜಿಪುರದಲ್ಲಿ ಸರ್ಕಾರದ್ದೇ ಕಾರ್ಖಾನೆ. ಹೊರದೇಶಗಳಿಗೆ ಕಳಿಸುತ್ತೇವೆ. 1985ರಲ್ಲಿ ಮಾದಕ ವಸ್ತು ಕಾಯ್ದೆ ಬಂತು. ತಪ್ಪಿ ನಡೆದರೆ 10 ವರ್ಷ ಜೈಲು ಎಂದಿತು. ಆಸ್ಪತ್ರೆ ಒಂದಿಷ್ಟು ಮಾರ್ಫಿನ್ ತರಿಸಬೇಕಾದರೆ ನಾಲ್ಕೈದು ಲೈಸೆನ್ಸು, ಎಲ್ಲವೂ ಏಕಕಾಲಕ್ಕೆ ಜೀವಂತ ಇರಬೇಕು. 1997ರ ಹೊತ್ತಿಗೆ ದೇಶದಲ್ಲಿ ರೋಗಿಗಳಿಗೆ ಕೊಡುವ ಮಾರ್ಫಿನ್ ಶೇಕಡ 97ರಷ್ಟು ಇಳಿದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೇರಳದ ಡಾಕ್ಟರ್ ಎಂ.ಆರ್. ರಾಜಗೋಪಾಲ್ ಅಂಥವರು ವರ್ಷಗಟ್ಟಲೆ ದಿಲ್ಲಿಗೆ ಅಲೆದ ಮೇಲೆ 2014ರಲ್ಲಿ ಕಾಯ್ದೆ ತಿದ್ದಿದರು, ಲೈಸೆನ್ಸು ಒಂದಾಯಿತು. ಆದರೂ ದೊಡ್ಡ ಊರು ದಾಟಿದರೆ ಇವತ್ತಿಗೂ ಕೇಳಿ ನೋಡಿ.

ಕಾಯ್ದೆಯೊಂದೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ನನ್ನ ಚೀಲ ನನಗೆ ಗೊತ್ತು. 31 ವರ್ಷದಲ್ಲಿ ವಿಟಮಿನ್ ಮಾರಿದ್ದೇನೆ, ಗ್ಯಾಸಿನ ಗುಳಿಗೆ ಮಾರಿದ್ದೇನೆ, ಮಕ್ಕಳಿಗೆ ಬುದ್ಧಿ ಬರುವ ಸಿರಪ್ ಮಾರಿದ್ದೇನೆ. ಮಾರ್ಫಿನ್ ಗುಳಿಗೆಯ ಫೋಲ್ಡರು ಹಿಡಿದು ಬಂದ ಒಬ್ಬ ರೆಪ್ಪನ್ನೂ ಯಾವ ಡಾಕ್ಟರ ಬಾಗಿಲಲ್ಲೂ ಕಂಡಿಲ್ಲ. ಗುಳಿಗೆಗೆ ಕೆಲವೇ ರೂಪಾಯಿ. ಅದರಲ್ಲಿ ಪೆನ್ನಿಗೆ ದುಡ್ಡು ಹುಟ್ಟುವುದಿಲ್ಲ. ಲಾಭ ಇರುವ ಅಫೀಮಿಗೆ ಅಲ್ಲಿ ಗೊಂಬೆ, ಟೋಪಿ, ಸಿ.ಡಿ.; ಲಾಭವಿಲ್ಲದ ಅಫೀಮಿಗೆ ಇಲ್ಲಿ ಪೊಲೀಸು.

2009ರಲ್ಲಿ ಹೊಳಲ್ಕೆರೆಯಲ್ಲಿದ್ದ ನಮ್ಮಣ್ಣನಿಗೆ ಬಾಯಿ ಕ್ಯಾನ್ಸರು ಆಯಿತು. ಎಪಿಎಂಸಿಯಲ್ಲಿ ಗುಮಾಸ್ತ, ವರ್ಷಗಟ್ಟಲೆ ಗುಟ್ಕಾ. ಬೆಂಗಳೂರಿನಲ್ಲಿ ಕರೆಂಟು ಕೊಡಿಸಿ ವಾಪಸ್ ಕರೆತಂದಾಗ ದವಡೆಯ ಒಂದು ಕಡೆ ತೂತು ಬಿದ್ದಿತ್ತು. ಅತ್ತಿಗೆ ದಿನಾ ಹತ್ತಿ ತುರುಕಿ ಕಟ್ಟುತ್ತಿದ್ದರು. ನೋವಿಗೆಂದು ಅಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನನ್ನ ಪಟ್ಟಿಯಲ್ಲಿ ಮೊದಲ ಸಾಲಿನ ಡಾಕ್ಟರು, ಒಳ್ಳೆಯ ಮನುಷ್ಯ. ಅವತ್ತು ನನ್ನನ್ನು ಕಾಯಿಸಲಿಲ್ಲ. ಅಣ್ಣನ ಬಾಯಿಗೆ ಟಾರ್ಚು ಬಿಟ್ಟು ನೋಡಿ, ಚೀಟಿ ಬರೆದು, ನನ್ನ ಭುಜ ತಟ್ಟಿ, ‘ನಿಮ್ಮ ಕಂಪನೀದೇ ಬರ್ದಿದೀನಿ’ ಅಂದರು. ಬರೆದದ್ದು ನಾನು ಕೊಟ್ಟ ಪೆನ್ನಿನಲ್ಲಿ.

ಅದು ಸಾಲದಾದಾಗ ಟ್ರಮಡಾಲ್ ಇಂಜೆಕ್ಷನ್ನು. ಅದೂ ಸಾಲದಾದಾಗ ಚಿತ್ರದುರ್ಗದಲ್ಲಿ ನನ್ನ ಪರಿಚಯದ ಮೆಡಿಕಲ್‌ಗಳಲ್ಲೆಲ್ಲ ಮಾರ್ಫಿನ್ ಕೇಳಿದೆ. ಒಬ್ಬರು ಅಕ್ಕಪಕ್ಕ ನೋಡಿ ದನಿ ತಗ್ಗಿಸಿ, ‘ಸಾರ್, ನೀವೇ ಲೈನಲ್ಲಿದ್ದವರು, ಅದನ್ನೆಲ್ಲ ಕೇಳಬಹುದಾ?’ ಅಂದರು. ಚಟ ಹತ್ತಿಬಿಟ್ಟರೆ ಕಷ್ಟ ಎಂದು ಇನ್ನೊಬ್ಬರು ಕಾಳಜಿಯಿಂದ ಎಚ್ಚರಿಸಿದರು. ಅಣ್ಣನಿಗೆ ಉಳಿದಿದ್ದದ್ದು ಏಳು ವಾರ.

ಅವರ ಮಂಚದ ಎದುರು ಗೋಡೆಗೆ ನಮ್ಮ ಕಂಪನಿಯ ಕ್ಯಾಲೆಂಡರು ನೇತುಹಾಕಿತ್ತು. ಡಾಕ್ಟರುಗಳಿಗೆ ಹಂಚಿ ಉಳಿದದ್ದನ್ನು ನಾನೇ ಕೊಟ್ಟಿದ್ದೆ. ಅದರಲ್ಲಿ ಬೆಳ್ಳಿಕೂದಲ ಅಜ್ಜ ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಗುತ್ತಾನೆ, ಕೆಳಗೆ ನಮ್ಮ ಗುಳಿಗೆಯ ಹೆಸರು. ಅತ್ತಿಗೆ ಅದರ ತಾರೀಖಿನ ಮನೆಗಳಲ್ಲಿ ಸಣ್ಣಗೆ ಏನೇನೋ ಬರೆದಿದ್ದರು. ‘2 ಕೂ’, ‘ಅರ್ಧ ಮ’, ‘4 ಕೂ’, ‘ಬೆಳಗಿನ ತನಕ ಕೂ’. ಏನಿದು ಎಂದು ಕೇಳಿದೆ. ‘ಕೂ ಅಂದ್ರೆ ಕೂಗಿದ್ರು, ಮ ಅಂದ್ರೆ ಮಲಗಿದ್ರು. ಡಾಕ್ಟ್ರು ಕೇಳಿದ್ರೆ ಹೇಳೋಕೆ ಬೇಕಲ್ಲಪ್ಪ’ ಅಂದರು. ಜೂನ್ ಪುಟದಲ್ಲಿ ‘ಮ’ ನಾಲ್ಕು ಕಡೆ ಇತ್ತು. ಜುಲೈ ಪುಟದಲ್ಲಿ ಹನ್ನೊಂದನೇ ತಾರೀಖಿನ ತನಕ ಒಂದೂ ಇರಲಿಲ್ಲ, ಆಮೇಲೆ ಮನೆಗಳು ಖಾಲಿ. ಡಾಕ್ಟರು ಕೇಳಲೂ ಇಲ್ಲ.

ಆ ಡಿಸೆಂಬರಿನಲ್ಲಿ ಮ್ಯಾನೇಜರು ಹೊಸ ವರ್ಷದ ಕ್ಯಾಲೆಂಡರು ಎಷ್ಟು ಬೇಕು ಎಂದು ಫೋನು ಮಾಡಿದರು. 150 ಅಂದೆ. 120 ಕಳಿಸಿದರು. ಎಲ್ಲ ಹಂಚಿದೆ.